ಒಂದು ಸೀಟಿನ ಸಫಾರಿ

ಒಬ್ಬರೇ ಹೋಗಿ ಕಾಡುಪ್ರಾಣಿ ನೋಡಿಕೊಂಡು ಬರುವುದು ನಮ್ಮ ಸೀಮೆಯಲ್ಲಿ ತೀರಾ ಈಚಿನ ರೂಢಿ. ಹಿಂದೆ ಕಾಡಿಗೆ ಒಬ್ಬೊಬ್ಬರೇ ಹೋಗುತ್ತಿದ್ದವರು ಸೌದೆಯವರು, ಜೇನು ಕೀಳುವವರು, ದನ ಮೇಯಿಸುವವರು. ಪ್ರಾಣಿ ಕಣ್ಣಿಗೆ ಬೀಳದಿದ್ದರೆ ಸಾಕಪ್ಪ ಎಂದು ದೇವರಿಗೆ ಕೈಮುಗಿದು ಹೋದವರು ಅವರು. ನೋಡಲೆಂದೇ ಹೋಗುವವರು ದಂಡು ಕಟ್ಟಿಕೊಂಡು ಹೋಗುತ್ತಿದ್ದರು.

ಈ ಮಾತು ತಲೆಗೆ ಹೊಕ್ಕಿದ್ದು ಜಯನಗರ ನಾಲ್ಕನೇ ಬ್ಲಾಕಿನ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಕೀನ್ಯಾದ ಮಸಾಯಿ ಮಾರಾವನ್ನು ನಾಲ್ಕೈದು ದಿನದ ಮಟ್ಟಿಗಾದರೂ ನೋಡಬೇಕು ಅನ್ನಿಸಿತ್ತು. ಕೌಂಟರಿನ ಹುಡುಗ ಬಣ್ಣದ ಹಾಳೆ ಮುಂದಿಟ್ಟು, ‘ಇದು ಇಬ್ಬರಿಗೆ ಒಂದು ರೂಮಿನ ರೇಟು ಮೇಡಂ, ಒಬ್ಬರೇ ಅಂದ್ರೆ ಸಿಂಗಲ್ ಸಪ್ಲಿಮೆಂಟ್ ಬೀಳತ್ತೆ’ ಎಂದ. ಜೀಪಿನ ಲೆಕ್ಕವೂ ಅಷ್ಟೇ. ಬಾಡಿಗೆ ಗಾಡಿಗೆ, ತಲೆಗಲ್ಲ. ಆರು ಜನ ಕೂತರೆ ಆರು ಪಾಲು, ನಾನೊಬ್ಬಳೇ ಕೂತರೆ ಉಳಿದ ಐದು ಸೀಟಿನ ದುಡ್ಡೂ ನನ್ನದೇ. ಪ್ರವೇಶದ ಅನುಮತಿ, ವಿಮಾನ, ಹಳದಿ ಜ್ವರದ ಲಸಿಕೆ ಇವೆಲ್ಲ ಬೇರೆ. ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆ. ಬ್ಯಾಂಕಿನವಳಾದ್ದರಿಂದ, ಈ ಖಾಲಿ ಸೀಟಿನ ಬಡ್ಡಿ ಎಲ್ಲಿಂದ ಶುರುವಾಯಿತು ಎಂಬುದೊಂದು ತಲೆಯಲ್ಲಿ ಉಳಿದುಬಿಟ್ಟಿತು.

ಶುರುವಾದದ್ದು ದೊಡ್ಡವರ ಶಿಕಾರಿಯಿಂದ. 1909ರಲ್ಲಿ ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ ಪೂರ್ವ ಆಫ್ರಿಕಾಕ್ಕೆ ಹೋದ ರೂಸ್‌ವೆಲ್ಟ್ ಹಿಂದೆ ಹೊರೆ ಹೊರಲೆಂದೇ ಸುಮಾರು ಇನ್ನೂರೈವತ್ತು ಜನರಿದ್ದರು. ನಮ್ಮ ಮೈಸೂರು ಸಂಸ್ಥಾನ ಇದರಲ್ಲೇನೂ ಹಿಂದೆ ಬಿದ್ದಿರಲಿಲ್ಲ. ಹೆಗ್ಗಡದೇವನಕೋಟೆಯ ಕಾಕನಕೋಟೆಯಲ್ಲಿ ಕಬಿನಿ ಹೊಳೆಗೆ ಆನೆ ಹಿಂಡನ್ನು ಇಳಿಸಿ ಹಿಡಿಯುತ್ತಿದ್ದ ಖೆಡ್ಡಾ ಅಂದರೆ ಜೇನುಕುರುಬರು, ಮಾವುತರು, ಕುಮ್ಕಿ ಆನೆಗಳು, ತಮಟೆ, ಪಂಜು. ಎದುರು ದಡದಲ್ಲಿ ಮಹಾರಾಜರ ಅತಿಥಿಗಳಿಗೆ ಸಾಲಾಗಿ ಆಸನ. 1970ರ ದಶಕದ ಆರಂಭಕ್ಕೆ ಖೆಡ್ಡಾ ನಿಂತುಹೋಯಿತು, ಕಬಿನಿ ಅಣೆಕಟ್ಟು ಬಂದು ಆ ಜಾಗಗಳ ಮೇಲೆ ನೀರು ನಿಂತಿತು. 1980ರಲ್ಲಿ ಸರ್ಕಾರ ಜಂಗಲ್ ಲಾಡ್ಜಸ್ ಕಂಪನಿ ಕಟ್ಟಿ ಕಾರಾಪುರದಲ್ಲಿದ್ದ ಮಹಾರಾಜರ ಶಿಕಾರಿ ಬಂಗಲೆಯನ್ನೇ ಪ್ರವಾಸಿಗಳಿಗೆ ತೆರೆಯಿತು. ಕೋವಿ ಹೋಗಿ ಕ್ಯಾಮೆರಾ ಬಂತು, ಪರಿವಾರದ ಲೆಕ್ಕ ಮಾತ್ರ ಹೋಗಲಿಲ್ಲ; ಅದೇ ಇಬ್ಬರಿಗೆ ಒಂದು ರೂಮು ಎಂದಾಯಿತು.

ಒಬ್ಬಂಟಿಯಾಗಿ ಹೋಗುತ್ತಿದ್ದವನೊಬ್ಬ ಬೆಂಗಳೂರಿನಲ್ಲೇ ಇದ್ದ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಕೆನೆತ್ ಆ್ಯಂಡರ್ಸನ್. ವಿಮಾನ ಕಾರ್ಖಾನೆಯಲ್ಲಿ ಕೆಲಸ, ರಜೆ ಸಿಕ್ಕಿದರೆ ಕಾಡು. ಆತ ನರಭಕ್ಷಕಗಳ ಬೆನ್ನು ಹತ್ತಿದ ಜವಳಗಿರಿ, ಗುಮ್ಮಳಾಪುರಗಳು ನಮ್ಮ ಬನ್ನೇರುಘಟ್ಟದ ಕಾಡು ದಕ್ಷಿಣಕ್ಕೆ ತಮಿಳುನಾಡಿನತ್ತ ಚಾಚುವ ಕಡೆಯವು. ಪೂರ್ಣಚಂದ್ರ ತೇಜಸ್ವಿಯವರು ಆ ಕತೆಗಳನ್ನು ಕನ್ನಡಕ್ಕೆ ತಂದಮೇಲೆ ನಮ್ಮ ಮನೆಯಲ್ಲಿ ಅವನ್ನು ಓದದವರಿರಲಿಲ್ಲ. ಆದರೆ ಆ್ಯಂಡರ್ಸನ್ನನ ಹಾಗೆ ಹೋಗಲು ಕಾರು ಬೇಕು, ಕೋವಿ ಬೇಕು, ಗಂಡಸಾಗಿರಬೇಕು. ಆತ ತೀರಿಕೊಂಡದ್ದು 1974ರಲ್ಲಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದದ್ದೂ ಅದೇ ವರ್ಷ.

ಅದಕ್ಕೂ ಮುಂಚೆ ಅಲ್ಲಿದ್ದದ್ದು ಚಂಪಕಧಾಮಸ್ವಾಮಿ ದೇವಸ್ಥಾನ, ಗುಡ್ಡದಾಚೆಗೆ ಸುವರ್ಣಮುಖಿ ಕೊಳ, ಆನೇಕಲ್ ಕಡೆಯ ಮೀಸಲು ಅರಣ್ಯ. ಅರಣ್ಯಾಧಿಕಾರಿ ವೈ.ಎಂ.ಎಲ್. ಶರ್ಮ ಅವರ ಮುತುವರ್ಜಿಯಿಂದ 70ರ ದಶಕದ ಶುರುವಿನಲ್ಲಿ ಅಲ್ಲೊಂದು ಪಿಕ್‌ನಿಕ್ ಕಾರ್ನರ್ ಆಯಿತು: ನಾಲ್ಕು ಪಂಜರ, ಒಂದಿಷ್ಟು ನೆರಳು. ಜಯನಗರದವರು ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದ ಜಾಗ. ರಾಷ್ಟ್ರೀಯ ಉದ್ಯಾನದ ಮೂಲ ವಿಸ್ತೀರ್ಣ 104 ಚದರ ಕಿಲೋಮೀಟರು. 1946ರಲ್ಲಿ ತೆರೆದ ನೈರೋಬಿ ರಾಷ್ಟ್ರೀಯ ಉದ್ಯಾನ 117. ಎರಡೂ ಊರಿನ ಬಾಗಿಲಿಗೇ ಅಂಟಿಕೊಂಡ ಕಾಡುಗಳು, ಎರಡರ ಬೆನ್ನ ಮೇಲೂ ಊರು ಹತ್ತಿ ಕುಳಿತಿದೆ. ಹಾಗಾಗಿ ಬನ್ನೇರುಘಟ್ಟವನ್ನು ಯಾರಾದರೂ ‘ಬಡವರ ಆಫ್ರಿಕಾ’ ಎಂದು ಹಂಗಿಸಿದರೆ ನನಗೇನೂ ಬೇಸರವಿಲ್ಲ.

ಆದರೆ ಬಸ್ಸಿನಲ್ಲಿ ಕೂರಿಸಿ ಹುಲಿ ಸಿಂಹ ತೋರಿಸುವ ನಮ್ಮ ಸಫಾರಿಯ ವಂಶವೃಕ್ಷ ಹಿಡಿದು ಹೋದರೆ ನೈರೋಬಿ ಸಿಗುವುದಿಲ್ಲ. ಸಿಗುವುದು ಇಂಗ್ಲೆಂಡಿನ ಲಾಂಗ್‌ಲೀಟ್. ಸಾಹುಕಾರನೊಬ್ಬನ ಎಸ್ಟೇಟಿನಲ್ಲಿ ಬೇಲಿ ಹಾಕಿ, ಸಿಂಹ ಬಿಟ್ಟು, ನಡುವೆ ಕಾರು ಓಡಿಸಲು ದಾರಿ ಕೊಟ್ಟದ್ದು 1966ರಲ್ಲಿ. ಆಫ್ರಿಕಾದ ಹೊರಗೆ ಇಂಥದ್ದು ಅದೇ ಮೊದಲು. ಅದನ್ನು ರೂಪಿಸಿದ ಜಿಮ್ಮಿ ಚಿಪರ್‌ಫೀಲ್ಡ್ ಸರ್ಕಸ್ ಮನೆತನದವನು. ಪ್ರಾಣಿಯನ್ನು ಪಂಜರದಿಂದ ಬಿಟ್ಟು ನೋಡುವವರನ್ನು ಪಂಜರದಲ್ಲಿ ಕೂರಿಸಿದರೆ ಟಿಕೆಟ್ ಹೆಚ್ಚು ಹೋಗುತ್ತದೆ ಎಂಬುದು ಸರ್ಕಸ್ಸಿನವನಿಗೇ ಹೊಳೆಯಬೇಕಾದ ಉಪಾಯ.

ಸರ್ಕಸ್ಸಿನ ನಂಟು ಅಲ್ಲಿಗೇ ಮುಗಿಯಲಿಲ್ಲ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟ ಆಡಿಸಬಾರದೆಂದು 1998ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಸರ್ಕಸ್ ಕಂಪನಿಗಳು ಕೋರ್ಟಿಗೆ ಹೋದವು. 2001ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತವು. ಡೇರೆಗಳಿಂದ ಹೊರಬಿದ್ದ ಸಿಂಹ, ಹುಲಿಗಳಿಗೆ ದೇಶದಲ್ಲಿ ಕೆಲವೇ ಕಡೆ ಪುನರ್ವಸತಿ ಕೇಂದ್ರಗಳಾದವು, ಬನ್ನೇರುಘಟ್ಟ ಅವುಗಳಲ್ಲೊಂದು. ಬಂದ ಸಿಂಹಗಳು ಪೂರ್ತಿ ಗಿರ್ ಕಾಡಿನವಲ್ಲ. ಸರ್ಕಸ್ಸಿನವರು ತಲೆಮಾರುಗಳಿಂದ ಆಫ್ರಿಕಾದ ಸಿಂಹಕ್ಕೂ ಗಿರ್ ಸಿಂಹಕ್ಕೂ ಬೆರಕೆ ಮಾಡಿಸಿದ್ದರು. ಇಂಥವುಗಳ ಸಂತಾನ ಬೆಳೆಸಬಾರದೆಂದು ಮೃಗಾಲಯ ಪ್ರಾಧಿಕಾರದ ಕಟ್ಟಪ್ಪಣೆ, ಹಾಗಾಗಿ ಅವು ತಮ್ಮ ಪಾಡಿಗೆ ಮುದಿಯಾದವು. ಅರ್ಧ ಆಫ್ರಿಕಾ ಜಯನಗರದಿಂದ ಒಂದು ಬಸ್ಸಿನ ದೂರದಲ್ಲಿತ್ತು ಅನ್ನಿ. 2005ರಲ್ಲಿ ಕಲಂದರರು ಮೂಗಿಗೆ ಹಗ್ಗ ಪೋಣಿಸಿ ಕುಣಿಸುತ್ತಿದ್ದ ಕರಡಿಗಳಿಗೂ ಇಲ್ಲೇ ನೆಲೆಯಾಯಿತು.

ಆ ಬಸ್ಸು 365. ಮೆಜೆಸ್ಟಿಕ್ಕಿನಿಂದ ಬನ್ನೇರುಘಟ್ಟಕ್ಕೆ. ನಾನು ಒಂಬತ್ತನೇ ಬ್ಲಾಕಿನ ಈಸ್ಟ್ ಎಂಡಿನಿಂದ ನಡೆದು ಜಯದೇವ ಆಸ್ಪತ್ರೆಯ ಹತ್ತಿರ ಹತ್ತುತ್ತೇನೆ. ಬಿಳೇಕಹಳ್ಳಿ, ಹುಳಿಮಾವು, ಗೊಟ್ಟಿಗೆರೆ. ಮೆಟ್ರೋ ಕಂಬಗಳ ಪಕ್ಕ ತೆವಳಿ, ಗೊಟ್ಟಿಗೆರೆ ದಾಟಿದ ಮೇಲೆ ಬಸ್ಸು ಉಸಿರಾಡುತ್ತದೆ. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಮೇಲೆ ಆಧಾರ್ ಕಾರ್ಡು ತೋರಿಸಿದರೆ ಸಾಕು, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೈಗಿಡುತ್ತಾರೆ. ಪಾರ್ಕಿನಲ್ಲಿ ಸಫಾರಿ ಬಸ್ಸಿಗೆ ದುಡ್ಡು ಕೊಡಬೇಕು, ನಿಜ. ಆದರೆ ಅಲ್ಲಿ ಒಬ್ಬರಿಗೆ ಒಂದು ಟಿಕೆಟು, ಅಷ್ಟೇ. ಜೊತೆಗೆ ಯಾರಿದ್ದಾರೆ ಎಂದು ಕೌಂಟರಿನವರು ಕೇಳುವುದಿಲ್ಲ. ನನ್ನ ಪಕ್ಕ ಕೂರುವವರು ಯಾರದೋ ಅಜ್ಜಿ, ಇಲ್ಲವೇ ಬಿಸ್ಕತ್ತು ಕೈಯಲ್ಲಿ ಹಿಡಿದ ಯಾವುದೋ ಮಗು.

ಕಿಟಕಿಗೆಲ್ಲ ಕಬ್ಬಿಣದ ಜಾಲರಿ. ಮೊದಲು ಜಿಂಕೆ, ಕಡವೆ, ಕಾಟಿ, ಆಮೇಲೆ ಕರಡಿಗಳ ಬಯಲು. ಹುಲಿ, ಸಿಂಹದ ಆವರಣಕ್ಕೆ ಒಂದರ ಹಿಂದೊಂದು ಎರಡು ಗೇಟು. ಮೊದಲನೆಯದು ತೆರೆದು ಬಸ್ಸನ್ನು ಒಳಗೆ ಬಿಟ್ಟುಕೊಂಡು ಹಿಂದೆ ಮುಚ್ಚುತ್ತಾರೆ. ಅದು ಭದ್ರವಾದ ಮೇಲೇ ಮುಂದಿನದು ತೆರೆಯುವುದು. ಆ ಎರಡು ಗೇಟಿನ ನಡುವಿನ ಅರೆ ನಿಮಿಷ ಬಸ್ಸಿನಲ್ಲಿ ತುಟಿ ಪಿಟಕ್ಕೆನ್ನುವವರಿಲ್ಲ. ಸಿಂಹ ಕಂಡಮೇಲೆ ಮಾತ್ರ ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಡ್ರೈವರು ‘ಸದ್ದು ಮಾಡಬೇಡ್ರೀ’ ಎನ್ನುತ್ತಾನೆ, ಸಿಂಹ ಆಕಳಿಸುತ್ತದೆ. 2024ರಲ್ಲಿ ಚಿರತೆ ಸಫಾರಿಯೂ ಸೇರಿತು. ಮಂಗಳವಾರ ರಜೆ, ಹೋಗುವವರು ನೆನಪಿಡಬೇಕು.

ಬೇಲಿಯ ಆಚೆ ನಿಜವಾದ ಕಾಡಿದೆ, ಅದಕ್ಕೆ ಟಿಕೆಟ್ಟಿಲ್ಲ. ರಾಗಿ ತೆನೆ ಕಟ್ಟುವ ಹೊತ್ತಿಗೆ ರಾಗಿಹಳ್ಳಿ ಸುತ್ತಿನ ಹೊಲಗಳಿಗೆ ಆನೆ ಇಳಿಯುತ್ತವೆ. ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಟಾರ್ಚು, ಪಟಾಕಿ ಹಿಡಿದು ಕೂರುವ ರೈತನಿಗೆ ಸಫಾರಿಯ ವಿಷಯ ಎತ್ತಿದರೆ ಬೈಗುಳ ಕೇಳಬೇಕಾಗುತ್ತದೆ.

ಬನ್ನೇರುಘಟ್ಟದಲ್ಲೇ ಹಕ್ಕಿಪಿಕ್ಕಿ ಕಾಲೊನಿಯಿದೆ. ಹಕ್ಕಿ ಹಿಡಿಯುವುದು, ಬೇಟೆಯಾಡುವುದು ಆ ಜನರ ಕುಲಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಕಲ್ಲು ಹಾಕಿತು. ಕರ್ನಾಟಕದ ಹಕ್ಕಿಪಿಕ್ಕಿಗಳು ಕೂದಲೆಣ್ಣೆ, ಗಿಡಮೂಲಿಕೆ ಹಿಡಿದು ಊರೂರು ಸುತ್ತಿದರು, ಸುತ್ತುತ್ತ ಆಫ್ರಿಕಾವನ್ನೂ ಮುಟ್ಟಿದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಹುಣಸೂರು, ದಾವಣಗೆರೆ, ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿದ್ದಾರೆಂದು ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಆಪರೇಷನ್ ಕಾವೇರಿಯಲ್ಲಿ ಸರ್ಕಾರ ಭಾರತೀಯರನ್ನು ಕರೆತಂದಿತು. ಹಲವರು ಬಡ್ಡಿಗೆ ಸಾಲ ಮಾಡಿ ಹೋದವರು, ಸರಕು ಅಲ್ಲೇ ಉಳಿಯಿತು, ಸಾಲ ಇಲ್ಲಿ ಕಾಯುತ್ತಿತ್ತು. ನನ್ನ ಬಣ್ಣದ ಹಾಳೆಯಲ್ಲಿ ಲಕ್ಷಗಳಲ್ಲಿದ್ದ ಆಫ್ರಿಕಾಕ್ಕೆ ಅಕ್ಷರ ಕಲಿಯದ ಹೆಂಗಸರು ಎಣ್ಣೆ ಬಾಟಲಿ ಹೊತ್ತು ಹೋಗಿಬರುತ್ತಾರೆ.

ಒಮ್ಮೆ ಸಫಾರಿ ಮುಗಿಸಿ ವಾಪಸು ಬರುವಾಗ ಬಸ್ ಸ್ಟಾಪಿನಲ್ಲಿ ಅಂಥವರೊಬ್ಬರು ಮಾತಿಗೆ ಸಿಕ್ಕಿದರು. ಕೈಯಲ್ಲಿ ಎಣ್ಣೆಯ ಚೀಲ. ಆಫ್ರಿಕಾದಲ್ಲಿ ಒಂದು ರೂಮಿನಲ್ಲಿ ಎಷ್ಟು ಮಂದಿ ಇದ್ದೆವು, ಪೊಲೀಸರಿಗೆ ಏನು ಹೇಳಿದೆವು, ಹಿಟ್ಟು ಎಲ್ಲಿ ಸಿಕ್ಕಿತು, ಎಲ್ಲ ಹೇಳಿದರು.

‘ಸಿಂಹ, ಆನೆ ಏನಾದರೂ ನೋಡಿದಿರೇನಮ್ಮ ಅಲ್ಲಿ?’ ಎಂದೆ.

‘ಅದನ್ನ ನೋಡೋಕೆ ಅಷ್ಟು ದೂರ ಯಾಕಮ್ಮ? ರಾತ್ರಿ ಮನೇಲಿ ಮಲಗಿದ್ರೆ ಇಲ್ಲೇ ಕೂಗೋದು ಕೇಳತ್ತಲ್ಲ’ ಎಂದವರೇ ಚೀಲ ಬಿಚ್ಚಿ, ನನ್ನ ನೆತ್ತಿಯ ಕಡೆ ನೋಡಿ, ಒಂದು ಬಾಟಲಿಯ ರೇಟು ಹೇಳಿದರು.