ಯಂತ್ರ ಅಳಿದರೂ ಆಟ ಉಳಿಸುವ ‘ಎಮ್ಯುಲೇಟರ್’: ಒಂದು ಪರಿಚಯ

ಅಂಗೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋ ಗೇಮ್ ಯಂತ್ರಗಳ ಆಟಗಳನ್ನು ಇಂದಿನ ಗಣಕಯಂತ್ರ ಹಾಗೂ ಮೊಬೈಲ್‌ಗಳಲ್ಲಿ ನಡೆಸಿ ತೋರಿಸುವ ತಂತ್ರಾಂಶಕ್ಕೆ ‘ಎಮ್ಯುಲೇಟರ್’ ಎಂದು ಹೆಸರು. ಮೂರು ದಶಕಗಳ ಹಿಂದೆ ಕೆಲವೇ ಹವ್ಯಾಸಿಗಳ ಕುತೂಹಲವಾಗಿದ್ದ ಈ ತಂತ್ರಾಂಶ ಈಗ ಸಾಮಾನ್ಯ ಮೊಬೈಲ್ ಬಳಕೆದಾರರ ಕೈಗೂ ಬಂದಿದೆ. ಇದು ಬರಿಯ ಮನರಂಜನೆಯ ಸಂಗತಿಯಲ್ಲ. ಯಂತ್ರ ಹಾಳಾದ ಮೇಲೆ ಅದಕ್ಕಾಗಿ ಬರೆದ ತಂತ್ರಾಂಶದ ಗತಿಯೇನು ಎಂಬ ಗಂಭೀರ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಉತ್ತರ ಕನ್ನಡದ ಓದುಗರಿಗೆ ಇದನ್ನು ಯಕ್ಷಗಾನದ ಉಪಮೆಯಿಂದ ವಿವರಿಸಬಹುದು. ಪ್ರಸಂಗದ ಪದ್ಯಗಳು ಒಂದೇ; ವೇಷ ಕಟ್ಟುವ ಕಲಾವಿದರು ಕಾಲಕಾಲಕ್ಕೆ ಬದಲಾಗುತ್ತಾರೆ. ಆಟದ ಕಾರ್ಟ್ರಿಜ್‌ನಲ್ಲಿರುವ ಮಾಹಿತಿಯೇ ಪ್ರಸಂಗ, ಅದನ್ನು ಓದಿ ನಡೆಸುವ ಯಂತ್ರವೇ ಕಲಾವಿದ. ಹಳೆಯ ಕಲಾವಿದ ರಂಗದಿಂದ ಮರೆಯಾದಾಗ ಅದೇ ಪದ್ಯಕ್ಕೆ ಅದೇ ತಾಳ, ಅದೇ ಹೆಜ್ಜೆ ಹಾಕಬಲ್ಲ ಮತ್ತೊಬ್ಬನು ಬೇಕಾಗುತ್ತಾನೆ. ಎಮ್ಯುಲೇಟರ್ ವಹಿಸುವುದು ಈ ಪಾತ್ರವನ್ನೇ.

ಕೆಲಸ ಮಾಡುವ ಬಗೆ

ಈ ಕ್ಷೇತ್ರದಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಯಂತ್ರಗಳಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ 1989ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ‘ಗೇಮ್ ಬಾಯ್’ ಮುಖ್ಯವಾದುದು. ಅದರ ಪರದೆಯಲ್ಲಿ ಅಡ್ಡಲಾಗಿ 160, ಉದ್ದಕ್ಕೆ 144 ಚುಕ್ಕೆಗಳು. ಬಣ್ಣದ ಬದಲು ನಾಲ್ಕು ಛಾಯೆಗಳು. ಕೆಲಸದ ಸ್ಮೃತಿ 8 ಕಿಲೋಬೈಟ್ ಮಾತ್ರ. 1998ರಲ್ಲಿ ಬಂದ ಬಣ್ಣದ ಆವೃತ್ತಿಯೂ ಸೇರಿ ಜಗತ್ತಿನಾದ್ಯಂತ ಮಾರಾಟವಾದ ಯಂತ್ರಗಳ ಸಂಖ್ಯೆ ಸುಮಾರು 11.87 ಕೋಟಿ. 2001ರಲ್ಲಿ ಬಂದ ‘ಗೇಮ್ ಬಾಯ್ ಅಡ್ವಾನ್ಸ್’ ಇನ್ನೂ 8.15 ಕೋಟಿಯಷ್ಟು ಮಾರಾಟವಾಯಿತು.

ಗೇಮ್ ಬಾಯ್‌ನ ಗಡಿಯಾರ ಸೆಕೆಂಡಿಗೆ 41,94,304 ಬಾರಿ ಮಿಡಿಯುತ್ತದೆ. ಪ್ರತಿ 70,224 ಮಿಡಿತಗಳಿಗೆ ಪರದೆಯ ಒಂದು ಚಿತ್ರ ಪೂರ್ಣಗೊಳ್ಳುತ್ತದೆ. ಎಮ್ಯುಲೇಟರ್ ಆಟದ ಕಡತದಿಂದ ಒಂದೊಂದೇ ಆಜ್ಞೆಯನ್ನು ಓದಿ, ಮೂಲ ಸಂಸ್ಕಾರಕ ಏನು ಮಾಡುತ್ತಿತ್ತೋ ಅದನ್ನೇ ಮಾಡಬೇಕು. ಅದೇ ಹೊತ್ತಿಗೆ ಪರದೆ, ನಾಲ್ಕು ಧ್ವನಿವಾಹಿನಿಗಳು, ಸಮಯಸೂಚಕ ಹಾಗೂ ಗುಂಡಿಗಳನ್ನೂ ಲೆಕ್ಕ ತಪ್ಪದಂತೆ ಮುನ್ನಡೆಸಬೇಕು. ಆಜ್ಞೆಯ ಫಲಿತಾಂಶ ಸರಿಯಿದ್ದರೂ ಕಾಲಗಣನೆ ಕೆಲವೇ ಮಿಡಿತಗಳಷ್ಟು ತಪ್ಪಿದರೆ ಚಿತ್ರ ಹರಿಯಬಹುದು, ಸಂಗೀತ ಕೆಡಬಹುದು, ಆಟವೇ ನಿಂತುಹೋಗಬಹುದು. ಆದ್ದರಿಂದಲೇ ನಿಖರ ಎಮ್ಯುಲೇಟರ್‌ಗಳ ಲೇಖಕರು ಮೂಲ ಯಂತ್ರದ ಮೇಲೆ ಪರೀಕ್ಷಾ ತಂತ್ರಾಂಶಗಳನ್ನು ನಡೆಸಿ, ಎರಡರ ಉತ್ತರವನ್ನೂ ಹೋಲಿಸುತ್ತಾರೆ.

ಸೋನಿ ಸಂಸ್ಥೆ 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ‘ಪಿಎಸ್‌ಪಿ’ಯ ವಿಚಾರ ಬೇರೆ. ಅದರ ಸಂಸ್ಕಾರಕದ ವೇಗ 333 ಮೆಗಾಹರ್ಟ್ಸ್‌ವರೆಗೆ ಇರುವುದರಿಂದ ಪ್ರತಿ ಮಿಡಿತವನ್ನೂ ಅನುಕರಿಸುವುದು ಭಾರವಾದ ಕೆಲಸ. 2012ರಲ್ಲಿ ಬಂದ ‘ಪಿಪಿಎಸ್‌ಎಸ್‌ಪಿಪಿ’ ಎಂಬ ಎಮ್ಯುಲೇಟರ್ ಆಟದ ಆಜ್ಞೆಗಳನ್ನು ಮೊಬೈಲ್‌ನ ಸಂಸ್ಕಾರಕಕ್ಕೆ ಅರ್ಥವಾಗುವ ಆಜ್ಞೆಗಳಾಗಿ ಆಗಿಂದಾಗ್ಗೆ ಭಾಷಾಂತರಿಸುತ್ತದೆ. ಯಂತ್ರದ ಒಳತಂತ್ರಾಂಶದ ಕೆಲಸಗಳನ್ನು ಹೊಸದಾಗಿ ಬರೆದ ಸಂಕೇತದಿಂದಲೇ ಪೂರೈಸುವುದರಿಂದ ಸೋನಿಯ ಮೂಲ ಕಡತ ಅದಕ್ಕೆ ಬೇಕಾಗುವುದಿಲ್ಲ.

ಬೆಳೆದು ಬಂದ ದಾರಿ

1990ರ ದಶಕದ ಮಧ್ಯಭಾಗದಲ್ಲಿ ಮರಾತ್ ಫೈಜುಲ್ಲಿನ್ ರಚಿಸಿದ ‘ವರ್ಚುಯಲ್ ಗೇಮ್‌ಬಾಯ್’ ಈ ಬಗೆಯ ಆರಂಭಿಕ ತಂತ್ರಾಂಶಗಳಲ್ಲಿ ಒಂದು. ಗೇಮ್ ಬಾಯ್ ಅಡ್ವಾನ್ಸ್ ಬಂದ ಕೆಲಕಾಲದಲ್ಲೇ ‘ವಿಷುಯಲ್‌ಬಾಯ್ ಅಡ್ವಾನ್ಸ್’ ಜನಪ್ರಿಯವಾಯಿತು. ಗೇಮ್ ಬಾಯ್ ಚಾಲನೆಯಾಗುವಾಗ ಮೊದಲು ಓಡುವ 256 ಬೈಟ್‌ಗಳ ಪುಟ್ಟ ಸಂಕೇತ ಹೊರಗಿನವರಿಗೆ ಸಿಕ್ಕಿದ್ದು 2003ರಲ್ಲಿ. ಹವ್ಯಾಸಿಯೊಬ್ಬರು ಚಿಪ್‌ನ ಹೊರಕವಚ ತೆಗೆದು, ಸೂಕ್ಷ್ಮದರ್ಶಕದಲ್ಲಿ ಬಿಟ್‌ಗಳನ್ನು ಒಂದೊಂದಾಗಿ ಓದಿ ಅದನ್ನು ಹೊರತೆಗೆದರು. ಇಂದು ‘ಎಂಜಿಬಿಎ’, ‘ಸೇಮ್‌ಬಾಯ್’ ಮುಂತಾದವು ನಿಖರತೆಗೆ ಹೆಸರಾಗಿವೆ. 2024ರ ಏಪ್ರಿಲ್‌ನಲ್ಲಿ ಆಪಲ್ ಸಂಸ್ಥೆ ತನ್ನ ಆಪ್ ಮಳಿಗೆಯಲ್ಲಿ ಹಳೆಯ ಆಟಗಳ ಎಮ್ಯುಲೇಟರ್‌ಗಳಿಗೆ ಅವಕಾಶ ನೀಡಿದ ಬಳಿಕ ‘ಡೆಲ್ಟಾ’ ಎಂಬ ತಂತ್ರಾಂಶ ಐಫೋನ್ ಬಳಕೆದಾರರನ್ನೂ ತಲುಪಿತು.

ತೇವ, ಬ್ಯಾಟರಿ ಮತ್ತು ಬಿಸಿಲು

ಹಳೆಯ ಕಾರ್ಟ್ರಿಜ್‌ಗಳಲ್ಲಿ ಅನೇಕವು ಆಟಗಾರನ ಪ್ರಗತಿಯನ್ನು ನಾಣ್ಯದಾಕಾರದ ಬ್ಯಾಟರಿಯೊಂದರ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ಬ್ಯಾಟರಿ ಬರಿದಾದ ದಿನ ಆಟ ಉಳಿದರೂ ಆಡಿದ್ದರ ದಾಖಲೆ ಅಳಿಸಿಹೋಗುತ್ತದೆ. ಹೊಸ ಬ್ಯಾಟರಿ ಹಾಕಲು ಹಳೆಯದನ್ನು ತೆಗೆದರೂ ಸಾಮಾನ್ಯವಾಗಿ ಇದೇ ಫಲ. ಆದ್ದರಿಂದ ಕಾರ್ಟ್ರಿಜ್ ಓದುವ ಸಾಧನದ ಮೂಲಕ ಪ್ರಗತಿಯ ಕಡತವನ್ನು ಗಣಕಕ್ಕೆ ಮೊದಲು ನಕಲು ಮಾಡಿಕೊಂಡು, ಬಳಿಕ ಬ್ಯಾಟರಿ ಬದಲಿಸುವುದು ಸರಿಯಾದ ಕ್ರಮ. ಆ ಕಡತವನ್ನು ಎಮ್ಯುಲೇಟರ್‌ನಲ್ಲಿ ತೆರೆದು ಆಟವನ್ನು ಬಿಟ್ಟಲ್ಲಿಂದ ಮುಂದುವರಿಸಲೂಬಹುದು.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಮನ್ಮನೆಯಂಥ ಮಲೆನಾಡಿನ ಹಳ್ಳಿಗಳಲ್ಲಿ ಮತ್ತೊಂದು ತೊಡಕಿದೆ. ತಿಂಗಳುಗಟ್ಟಲೆ ಸುರಿಯುವ ಮಳೆಯ ತೇವಕ್ಕೆ ಪುಸ್ತಕ, ಬಟ್ಟೆಗಳಿಗೆ ಬೂಷ್ಟು ಹಿಡಿಯುವಂತೆಯೇ ಯಂತ್ರಗಳ ಲೋಹದ ಸಂಪರ್ಕಬಿಂದುಗಳೂ ಕಿಲುಬುಗಟ್ಟುತ್ತವೆ. ಯಂತ್ರದೊಳಗೇ ಮರೆತ ಪೆನ್ಸಿಲ್ ಸೆಲ್‌ಗಳು ಸೋರಿದರೆ ಹಾನಿ ಇನ್ನೂ ಹೆಚ್ಚು. ಸೆಲ್ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಉತ್ತಮ.

ಕೆಲವು ಆಟಗಳಿಗೆ ಕಾರ್ಟ್ರಿಜ್‌ನಲ್ಲೇ ವಿಶೇಷ ಸಂವೇದಕಗಳಿದ್ದವು. 2003ರಲ್ಲಿ ಬಂದ ‘ಬೊಕ್ತಾಯ್’ ಎಂಬ ಆಟದಲ್ಲಿ ಬಿಸಿಲನ್ನು ಅಳೆಯುವ ಸಂವೇದಕವಿತ್ತು. ಅದರಲ್ಲಿ ಅಸ್ತ್ರದ ಶಕ್ತಿ ತುಂಬಿಸಲು ನಿಜವಾದ ಬಿಸಿಲೇ ಬೇಕಿತ್ತು. ಆಷಾಢದ ಮಲೆನಾಡಿನಲ್ಲಿ ಆಡಲು ಹೊರಟವನ ಪಾಡನ್ನು ಊಹಿಸಬಹುದು. ಎಮ್ಯುಲೇಟರ್‌ನಲ್ಲಿ ಬಿಸಿಲಿನ ಪ್ರಮಾಣವನ್ನು ಕೈಯಿಂದಲೇ ನಿಗದಿಪಡಿಸಬಹುದು. ಆಟ ಉಳಿಯುತ್ತದೆ; ಅಂಗಳಕ್ಕಿಳಿದು ಆಡಬೇಕೆಂಬ ಮೂಲ ಆಶಯ ಮಾತ್ರ ಉಳಿಯುವುದಿಲ್ಲ. ಎಮ್ಯುಲೇಟರ್‌ನ ಮಿತಿಗೆ ಇದೊಂದು ನಿದರ್ಶನ.

ಕಾನೂನು ಏನು ಹೇಳುತ್ತದೆ?

ಎಮ್ಯುಲೇಟರ್ ಬೇರೆ, ಆಟದ ಕಡತ ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಸೋನಿ ಹಾಗೂ ಕನೆಕ್ಟಿಕ್ಸ್ ಸಂಸ್ಥೆಗಳ ನಡುವಣ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ, ಹೊಂದಿಕೊಳ್ಳುವ ತಂತ್ರಾಂಶ ರಚಿಸಲು ಯಂತ್ರದ ಒಳಸಂಕೇತವನ್ನು ಅಧ್ಯಯನಕ್ಕಾಗಿ ನಕಲು ಮಾಡಿದ್ದು ನ್ಯಾಯಯುತ ಬಳಕೆ ಎಂದಿತು. ಆದರೆ ಹೊಸ ಯಂತ್ರಗಳ ವಿಚಾರದಲ್ಲಿ ಸಂಸ್ಥೆಗಳು ಕಠಿಣ ನಿಲುವು ತಳೆದಿವೆ. ‘ಸ್ವಿಚ್’ ಯಂತ್ರದ ಎಮ್ಯುಲೇಟರ್ ‘ಯುಝು’ ವಿರುದ್ಧ ನಿಂಟೆಂಡೊ ಹೂಡಿದ ದಾವೆ 2024ರ ಮಾರ್ಚ್‌ನಲ್ಲಿ 24 ಲಕ್ಷ ಡಾಲರ್ ಮೊತ್ತಕ್ಕೆ ಇತ್ಯರ್ಥವಾಗಿ, ಆ ಯೋಜನೆಯೇ ಮುಚ್ಚಿತು.

ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ 52(1)ನೇ ಕಲಮಿನ ‘ಎಎ’ಯಿಂದ ‘ಎಡಿ’ವರೆಗಿನ ಉಪಬಂಧಗಳು ಇಲ್ಲಿ ಮುಖ್ಯ. ಕಾನೂನುಬದ್ಧವಾಗಿ ಪಡೆದ ತಂತ್ರಾಂಶದ ಪ್ರತಿ ಹೊಂದಿರುವವರು ನಾಶದ ಭಯದಿಂದ ರಕ್ಷಣಾ ಪ್ರತಿ ಮಾಡಿಕೊಳ್ಳಲು, ಲಾಭೋದ್ದೇಶವಿಲ್ಲದ ಸ್ವಂತ ಬಳಕೆಗೆ ನಕಲು ಮಾಡಲು, ತಂತ್ರಾಂಶದ ಕಾರ್ಯವಿಧಾನವನ್ನು ಅಧ್ಯಯನ ಮಾಡಲು ಅವು ಷರತ್ತುಗಳೊಡನೆ ಅವಕಾಶ ನೀಡುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ಅನಧಿಕೃತ ಪ್ರತಿ ಎಂದು ತಿಳಿದೂ ಗಣಕದಲ್ಲಿ ಬಳಸುವುದು 63ಬಿ ಕಲಮಿನ ಪ್ರಕಾರ ಶಿಕ್ಷಾರ್ಹ. 2012ರ ತಿದ್ದುಪಡಿಯ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನೂ ಅಪರಾಧವೆನ್ನುತ್ತದೆ. ಮಾರುಕಟ್ಟೆಯಲ್ಲಿ ನಕಲಿ ಕಾರ್ಟ್ರಿಜ್‌ಗಳೂ ಇರುವುದರಿಂದ ಕೈಯಲ್ಲಿ ವಸ್ತುವಿದೆ ಎಂದ ಮಾತ್ರಕ್ಕೆ ಪ್ರತಿ ಅಧಿಕೃತವೆಂದು ಭಾವಿಸಲಾಗದು.

ತೊಡಕಿರುವುದು ಇಲ್ಲಿಯೇ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮುನ್ನ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಮಾರಾಟಕ್ಕೆ ಲಭ್ಯವಿರಲಿಲ್ಲ. ಗೇಮ್ ಬಾಯ್ ಕುಟುಂಬದ ಆಟಗಳಲ್ಲಿ ದೊರೆಯುತ್ತಿದ್ದುದು ಶೇ. 6ಕ್ಕಿಂತ ಕಡಿಮೆ. ಅದೇ ವರ್ಷದ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ‘3ಡಿಎಸ್’ ಯಂತ್ರದ ಅಂತರ್ಜಾಲ ಮಳಿಗೆಯಲ್ಲಿ ಹೊಸ ಖರೀದಿ ನಿಲ್ಲಿಸಿತು. ಹಣ ಕೊಟ್ಟು ಕೊಳ್ಳಲು ಸಿದ್ಧರಿರುವವರಿಗೂ ಕೊಳ್ಳುವ ದಾರಿಯಿಲ್ಲ.

ಬೆಂಗಳೂರಿನ ಪಾಠ

ಈ ಪ್ರಶ್ನೆ ಕರ್ನಾಟಕಕ್ಕೆ ದೂರದ್ದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಾಗೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅಂಗೈ ಗಣಕವೇ ಆಗಿತ್ತು. ಲಿನಕ್ಸ್ ಆಧಾರಿತವಾದ ಈ ಸಾಧನದ ‘ಅಮಿದಾ’ ಮಾದರಿ 2004ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿದು ವಾಲಿಸಿದ್ದನ್ನು ಗ್ರಹಿಸುವ ಸಂವೇದಕ ಅದರಲ್ಲಿತ್ತು. ಐಫೋನ್ ಬಂದಿದ್ದು 2007ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಆದರೆ ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗದೆ ಮರೆಗೆ ಸರಿಯಿತು.

ಗಮನಾರ್ಹವೆಂದರೆ, ಸಿಂಪ್ಯೂಟರ್‌ಗಾಗಿ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ರೂಪುಗೊಂಡ, ಪಠ್ಯವನ್ನು ಮಾತಾಗಿಸುವ ‘ಧ್ವನಿ’ ತಂತ್ರಾಂಶ ಯಂತ್ರದೊಡನೆ ಅಳಿಯಲಿಲ್ಲ. ಅದರ ಮೂಲ ಸಂಕೇತ ಮುಕ್ತವಾಗಿದ್ದುದರಿಂದ ಬೇರೆಯವರು ಕೈಗೆತ್ತಿಕೊಂಡು ಇತರ ಭಾರತೀಯ ಭಾಷೆಗಳಿಗೂ ವಿಸ್ತರಿಸಿದರು. ಸಂಕೇತ ಮುಕ್ತವಾಗಿದ್ದರೆ ತಂತ್ರಾಂಶ ಹೊಸ ಯಂತ್ರಕ್ಕೆ ನೇರವಾಗಿ ದಾಟಬಲ್ಲದು. ಮುಚ್ಚಿದ್ದರೆ ಚಿಪ್ ಸೀಳಿ ಬಿಟ್ ಎಣಿಸುವವರು ಬರುವವರೆಗೆ ಕಾಯಬೇಕು.

ಕನ್ನಡದ ಆಟ ಸಾಧ್ಯವೇ?

ಎಮ್ಯುಲೇಟರ್ ಬಳಸಲು ಪರರ ಆಟವೇ ಬೇಕೆಂದಿಲ್ಲ. 2019ರಲ್ಲಿ ಬಂದ ‘ಜಿಬಿ ಸ್ಟುಡಿಯೋ’ ಎಂಬ ಉಚಿತ ತಂತ್ರಾಂಶದಿಂದ ಪ್ರೋಗ್ರಾಮಿಂಗ್ ತಿಳಿಯದವರೂ ಗೇಮ್ ಬಾಯ್‌ಗೆ ಆಟ ರಚಿಸಬಹುದು. ಕನ್ನಡದಲ್ಲಿ ರಚಿಸುವವರಿಗೆ ಎದುರಾಗುವ ಮೊದಲ ಸವಾಲು ಲಿಪಿ. ಈ ಯಂತ್ರ ಪರದೆಯನ್ನು 8x8 ಚುಕ್ಕೆಗಳ ಚೌಕಗಳಾಗಿ, ಅಂದರೆ 20 ಅಡ್ಡ, 18 ಉದ್ದದ 360 ಮನೆಗಳಾಗಿ ವಿಭಜಿಸುತ್ತದೆ. ಇಂಗ್ಲಿಷ್ ಅಕ್ಷರ ಒಂದು ಮನೆಯಲ್ಲಿ ಕೂರುತ್ತದೆ. ಒತ್ತಕ್ಷರ ಹೊತ್ತ ಕನ್ನಡದ ಅಕ್ಷರ ಕೂರದು. ಅಕ್ಷರಕ್ಕೆ ನಾಲ್ಕು ಮನೆ ಕೊಟ್ಟರೆ ಪರದೆಯಲ್ಲಿ ಹಿಡಿಯುವುದು ಹತ್ತು ಅಕ್ಷರಗಳ ಒಂಬತ್ತು ಸಾಲು ಮಾತ್ರ. ಇಕ್ಕಟ್ಟಾದರೂ ಒಂದು ಚಿಕ್ಕ ಕಥೆಗೆ ಸಾಲುವಷ್ಟು ಜಾಗವಿದು. ಹಾಗೆ ರಚಿಸಿದ ಆಟದ ಹಕ್ಕು ರಚಿಸಿದವರದೇ ಆಗಿರುವುದರಿಂದ ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ.