ನೀರಿಲ್ಲದ ಊರಿನ ಅಮಾನತ್: ಏಡನ್ ಬಂದರಿನ ಚರಿತ್ರೆ



ಅಮಾನತ್ ಎಂದೊಡನೆ ಯಾರೋ ನಮ್ಮಲ್ಲಿ ಇಟ್ಟುಹೋದ ಹಣ, ಒಡವೆ ನೆನಪಾಗುತ್ತದೆ. ಆದರೆ ಇಡೀ ಒಂದು ಊರೇ ಅಮಾನತ್‌ನ ಮೇಲೆ ನಿಂತಿರಬಹುದು. ಯಮನ್ ದೇಶದ ಏಡನ್ ಬಂದರಿನ ಚರಿತ್ರೆ ನಮಗೆ ತಿಳಿಸುವುದು ಇದನ್ನೇ.

ಅರಬಿ ಪರ್ಯಾಯ ದ್ವೀಪದ ದಕ್ಷಿಣ ಕರಾವಳಿಯಲ್ಲಿ, ಕೆಂಪು ಸಮುದ್ರದ ಬಾಗಿಲಾದ ಬಾಬುಲ್ ಮಂದಬ್‌ನಿಂದ ಸುಮಾರು 170 ಕಿಲೋಮೀಟರ್ ಪೂರ್ವಕ್ಕೆ ಏಡನ್ ಇದೆ. ಹಳೆಯ ಪೇಟೆ ಇರುವುದು ಆರಿಹೋದ ಜ್ವಾಲಾಮುಖಿಯ ಬಾಯೊಳಗೆ. ಸುತ್ತ ಬೋಳು ಬೆಟ್ಟ, ಎದುರಿಗೆ ಕಡಲು. ಹೊಳೆಯಿಲ್ಲ, ಬೆಳೆಯಿಲ್ಲ, ಮಳೆಯೂ ಅಪರೂಪ. ಆದರೂ ಭಾರತ, ಆಫ್ರಿಕಾ, ಈಜಿಪ್ಟುಗಳ ಸರಕು ಕೈಬದಲಾಗುತ್ತಿದ್ದುದು ಇಲ್ಲಿ.

12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿಗೆ ಏಡನ್‌ನ ಪಾಲುದಾರರು ಬರೆದ ಪತ್ರಗಳು ಕೈರೋದಲ್ಲಿ ದೊರೆತಿವೆ. ಕಡಲಾಚೆಗೆ ಮೆಣಸು, ಕಬ್ಬಿಣ ಕಳುಹಿಸಿದವನಿಗೆ ಇದ್ದ ಭರವಸೆ ಏನು? ಒಂದು ಕಾಗದ, ಆಚೆ ದಡದವನ ಮಾತು. ಅಷ್ಟೇ.

14ನೇ ಶತಮಾನದ ಮೊದಲರ್ಧದಲ್ಲಿ ಏಡನ್‌ಗೆ ಬಂದ ಇಬ್ನ್ ಬತೂತಾ, ಅಲ್ಲಿಗೆ ಹಡಗು ಬರುವ ಊರುಗಳಲ್ಲಿ ಮಂಗಳೂರು, ಬಾರ್ಕೂರು, ಹೊನ್ನಾವರಗಳನ್ನೂ ಹೆಸರಿಸಿದ್ದಾರೆ. ಅಲ್ಲಿನ ವರ್ತಕರ ಸಿರಿತನದ ಜೊತೆಗೆ, ಅವರು ಪರವೂರಿನವರನ್ನು ಆದರಿಸುವುದನ್ನೂ ಝಕಾತನ್ನು ಪೂರ್ತಿಯಾಗಿ ಕೊಡುವುದನ್ನೂ ದಾಖಲಿಸಿದ್ದಾರೆ. ಮಳೆನೀರು ಹಿಡಿದಿಡುವ ತೊಟ್ಟಿಗಳ ಮಾತೂ ಅಲ್ಲಿದೆ. ತವೀಲಾ ಕಣಿವೆಯಲ್ಲಿ ಬಂಡೆ ಕೊರೆದು, ಗಾರೆ ಬಳಿದು, ಒಂದರ ಕೆಳಗೊಂದು ಕಟ್ಟಿದ ತೊಟ್ಟಿಗಳಿವು. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುತ್ತದೆ. ತನ್ನ ಪಾಲು ತುಂಬಿದ ಮೇಲೆ ಮಿಕ್ಕದ್ದನ್ನು ಕೆಳಗಿನವನಿಗೆ ಬಿಡುವ ಈ ಏರ್ಪಾಡಿಗೂ ಝಕಾತಿಗೂ ಹೋಲಿಕೆ ಕಾಣುವುದಿಲ್ಲವೇ?

1513ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಏಣಿ ಹಾಕಿ ಏಡನ್ ಕೋಟೆ ಹತ್ತಿಸಿದ. ಏಣಿಗಳು ಮುರಿದವು, ಅವನು ಸೋತು ಹಿಂದಿರುಗಿದ. ಆದರೆ 1538ರಲ್ಲಿ ಉಸ್ಮಾನಿ ನೌಕಾಪತಿ ಸುಲೈಮಾನ್ ಪಾಷಾ ಊರಿನ ದೊರೆಯನ್ನು ಅತಿಥಿಯಾಗಿ ಹಡಗಿಗೆ ಕರೆಸಿಕೊಂಡು ಅಲ್ಲೇ ಗಲ್ಲಿಗೇರಿಸಿದ. ಪರರಿಗೆ ಬಗ್ಗದ ಕೋಟೆ ನಮ್ಮವನೊಬ್ಬನ ವಚನಭಂಗಕ್ಕೆ ಬಿತ್ತು. ನಮ್ಮ ಚರಿತ್ರೆಯ ಹೆಮ್ಮೆಯನ್ನು ಮಾತ್ರ ಮಕ್ಕಳಿಗೆ ಹೇಳಿ, ಇಂಥದ್ದನ್ನು ಮುಚ್ಚಿಡುವುದೂ ಅಮಾನತ್‌ಗೆ ಬಗೆದ ದ್ರೋಹವೇ.

ಮುಂದೆ ವ್ಯಾಪಾರ ಮೋಖಾ ಬಂದರಿನ ಕಡೆ ಹರಿಯಿತು. 1839ರಲ್ಲಿ ಬ್ರಿಟಿಷರು ಬಂದಾಗ ಏಡನ್ ಒಂದು ಸಣ್ಣ ಊರು. ನೋಡಿಕೊಳ್ಳುವವರಿಲ್ಲದೆ ತೊಟ್ಟಿಗಳು ಮಣ್ಣು ಕಲ್ಲುಗಳಿಂದ ತುಂಬಿಹೋಗಿದ್ದವು. 1850ರ ದಶಕದಲ್ಲಿ ಅವನ್ನು ಅಗೆದು ತೆಗೆಯಬೇಕಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಬಂದರು ಮತ್ತೆ ಏಳಿಗೆ ಕಂಡಿತು. 1967ರಲ್ಲಿ ಬ್ರಿಟಿಷರು ಹೊರಟರು. 2015ರಲ್ಲಿ ಅದೇ ಬೀದಿಗಳಲ್ಲಿ ಯಮನಿಗಳೇ ಯಮನಿಗಳ ಮೇಲೆ ಗುಂಡು ಹಾರಿಸಿದರು.

ತೊಟ್ಟಿ ಒಂದೇ ದಿನದಲ್ಲಿ ಹೂಳುವುದಿಲ್ಲ. ಪ್ರತಿ ಮಳೆಗೂ ಒಂದಿಷ್ಟು ಮಣ್ಣು ಬರುತ್ತದೆ, ತೆಗೆಯುವವರು ನಾಳೆ ನೋಡೋಣ ಎನ್ನುತ್ತಾರೆ. ಒಂದು ಸಣ್ಣ ಸುಳ್ಳು, ತೀರಿಸದ ಒಂದು ಸಾಲ, ಅಣ್ಣತಮ್ಮಂದಿರ ನಡುವೆ ಆಡದೆ ಉಳಿದ ಒಂದು ಮಾತು, ನಮ್ಮ ಮನೆಗಳಲ್ಲಿ ತುಂಬುವ ಹೂಳೂ ಇಂಥದ್ದೇ. ಅದನ್ನು ಇಂದೇ ತೆಗೆಯುವ ತೌಫೀಕನ್ನು ಅಲ್ಲಾಹನು ನಮಗೆ ನೀಡಲಿ, ಏಡನ್‌ನ ಜನರಿಗೆ ಶಾಂತಿ ಕರುಣಿಸಲಿ. ಆಮೀನ್.