ಬಳಸುದಾರಿಯ ಬಳಕೆ

ಮದ್ಯದ ವ್ಯಾಪಾರಿಯೊಬ್ಬ ವಾರಾಂತ್ಯಕ್ಕೆ ಸರಕು ಸಾಲದೆಂದು ವೆಬ್‌ಸೈಟ್ ತೆರೆದು ಒಂದಷ್ಟು ಗಿನ್ನೆಸ್ ಬಿಯರ್, ಒಂದಷ್ಟು ಸ್ಮಿರ್ನಾಫ್ ವೋಡ್ಕಾಗೆ ಆರ್ಡರ್ ಹಾಕುತ್ತಾನೆ. ಆ ಆರ್ಡರ್ ತೆರೆಮರೆಯಲ್ಲಿ ಒಂದೆರಡು ಗಣಕಗಳನ್ನು ದಾಟಿ, ಕಂಪನಿಯ ಲೆಕ್ಕಪತ್ರವನ್ನೆಲ್ಲ ನಡೆಸುವ ದೊಡ್ಡ ತಂತ್ರಾಂಶಕ್ಕೆ ಹೋಗಿ ಸೇರುತ್ತದೆ. ಆ ತಂತ್ರಾಂಶದ ಹೆಸರನ್ನೂ ಆತ ಕೇಳಿರಲಿಕ್ಕಿಲ್ಲ. ಹಾಗಿದ್ದರೂ ಅವನನ್ನು ಅದರ ಬಳಕೆದಾರ ಎನ್ನಬಹುದೆ? 2017ರ ಫೆಬ್ರವರಿ 16ರಂದು ಲಂಡನ್ನಿನ ತಂತ್ರಜ್ಞಾನ ಮತ್ತು ನಿರ್ಮಾಣ ವ್ಯಾಜ್ಯಗಳ ನ್ಯಾಯಾಲಯ ಎನ್ನಬಹುದು ಎಂದಿತು. ಅದರೊಂದಿಗೆ ಲೋಕದ ನೂರಾರು ಕಂಪನಿಗಳ ಐಟಿ ಮುಖ್ಯಸ್ಥರು ತಮ್ಮ ಹಳೆಯ ಕರಾರುಪತ್ರಗಳನ್ನು ಕಪಾಟಿನಿಂದ ತೆಗೆದು ಓದತೊಡಗಿದರು.

ತಂತ್ರಾಂಶಕ್ಕೆ ಬೇರೆಯಾಗಿ ಬೆಲೆ ಕಟ್ಟುವ ರೂಢಿಯೇ ತುಂಬ ಹಳೆಯದಲ್ಲ. 1969ರಲ್ಲಿ ಐಬಿಎಂ ಹಾಗೆ ಮಾಡುವುದಾಗಿ ಘೋಷಿಸುವವರೆಗೆ, ಗಣಕ ಕೊಂಡವರಿಗೆ ತಂತ್ರಾಂಶ ಅದರ ಜೊತೆಗೇ ಸಿಗುತ್ತಿತ್ತು, ಎಮ್ಮೆ ಕೊಂಡವನಿಗೆ ಹಗ್ಗ ಸಿಕ್ಕಂತೆ. 1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಎಸ್‌ಎಪಿ ಕಂಪನಿ ಕಟ್ಟಿದರು. ಅವರ ಮೊದಲ ಗಿರಾಕಿ ಓಸ್ಟ್ರಿಂಗನ್ ಎಂಬಲ್ಲಿದ್ದ ಐಸಿಐ ಕಂಪನಿಯ ನೈಲಾನ್ ಕಾರ್ಖಾನೆ. ಒಬ್ಬ ಗಿರಾಕಿಯ ಅಗತ್ಯಕ್ಕೆ ಅಳತೆ ತೆಗೆದು ಹೊಲಿದ ಅಂಗಿಯೇ ಮುಂದೆ ಎಲ್ಲರಿಗೂ ಮಾರುವ ಸಿದ್ಧ ಉಡುಪಾಯಿತು. ಸುಮಾರು ನಲವತ್ತೈದು ವರ್ಷಗಳ ನಂತರ, ಗಿರಾಕಿಗಳು ತಾವೇ ಹೊಲಿಸಿಕೊಂಡ ಅಂಗಿಗಳ ಬಗ್ಗೆ ತಕರಾರು ತೆಗೆದದ್ದೂ ಇದೇ ಕಂಪನಿ ಎಂಬುದು ಚರಿತ್ರೆಯ ಸಣ್ಣ ತಮಾಷೆ.

1992ರಲ್ಲಿ ಬಂದ ಆರ್/3 ಎಂಬ ಆವೃತ್ತಿಯ ಕಾಲಕ್ಕೆ ಲೆಕ್ಕ ಸರಳವಾಗಿತ್ತು. ಮೇಜಿಗೊಂದು ಗಣಕ, ಗಣಕದ ಮುಂದೊಬ್ಬ ನೌಕರ, ನೌಕರನಿಗೊಂದು ಹೆಸರು ಮತ್ತು ಪಾಸ್‌ವರ್ಡ್. ಇಷ್ಟು ಮಂದಿ ಒಳಗೆ ಬರುತ್ತಾರೆಂದು ಎಣಿಸಿ ದುಡ್ಡು ಕೊಟ್ಟರಾಯಿತು. ಇದನ್ನೇ ‘ನೇಮ್ಡ್ ಯೂಸರ್’ ಪದ್ಧತಿ ಎನ್ನುತ್ತಾರೆ. ಗಣಕಗಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳತೊಡಗಿದಾಗ ಈ ಲೆಕ್ಕ ತಪ್ಪಿತು. ಕಂಪನಿಯೊಂದು ತನಗೆ ಬೇಕಾದ ಆ್ಯಪ್ ಕಟ್ಟಿಸಿಕೊಂಡು, ಅದನ್ನು ಒಂದೇ ಒಂದು ತಾಂತ್ರಿಕ ಐಡಿಯ ಮೂಲಕ ಮೂಲ ತಂತ್ರಾಂಶಕ್ಕೆ ಜೋಡಿಸುತ್ತದೆ. ಒಳಗಿನಿಂದ ನೋಡಿದರೆ ಬಾಗಿಲಲ್ಲಿ ನಿಂತವರು ಒಬ್ಬರೇ. ಅವರ ಬೆನ್ನ ಹಿಂದೆ ಸಾವಿರಾರು ಮಂದಿಯ ಸಾಲು. ಮಾರುವವರಿಗೆ ಇದು ಮೊದಲೇ ಗೊತ್ತಿತ್ತು. ನಡುವೆ ಇನ್ನೊಂದು ತಂತ್ರಾಂಶ ಇಟ್ಟುಕೊಂಡ ಮಾತ್ರಕ್ಕೆ ಬೇಕಾದ ಲೈಸೆನ್ಸ್‌ಗಳ ಸಂಖ್ಯೆ ಕಡಿಮೆಯಾಗುವುದಿಲ್ಲವೆಂದು ಮೈಕ್ರೋಸಾಫ್ಟ್, ಒರಾಕಲ್‌ಗಳ ನಿಯಮಗಳೂ ಹೇಳುತ್ತವೆ. ಆದರೆ ಕರಾರಿನ ಆ ಸಾಲುಗಳನ್ನು ಕೊಳ್ಳುವವರು ಓದುವುದು ಸಾಮಾನ್ಯವಾಗಿ ಆಡಿಟ್ ಪತ್ರ ಬಂದ ಮೇಲೆ.

ಡಿಯಾಜಿಯೊ ಓದಿದ್ದೂ ಹಾಗೆಯೇ ಇರಬೇಕು. ಜಾನಿ ವಾಕರ್‌ನ ಒಡೆಯರಾದ ಈ ಕಂಪನಿ ಕನ್ನಡಿಗರಿಗೆ ಹೊಸದೇನಲ್ಲ, ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಇಂದು ಅದರ ಕೈಯಲ್ಲಿದೆ. ಅದರ ಬ್ರಿಟಿಷ್ ಅಂಗಸಂಸ್ಥೆ 2004ರ ಮೇ ತಿಂಗಳಲ್ಲಿ ಎಸ್‌ಎಪಿ ಜೊತೆ ಕರಾರು ಮಾಡಿಕೊಂಡಿತು. ವರ್ಷಗಳುದ್ದಕ್ಕೂ ಕೊಟ್ಟ ಶುಲ್ಕ 5 ಕೋಟಿ ಪೌಂಡ್ ಮೀರಿತ್ತು. 2011-12ರ ಹೊತ್ತಿಗೆ ಡಿಯಾಜಿಯೊ ಸೇಲ್ಸ್‌ಫೋರ್ಸ್ ವೇದಿಕೆಯ ಮೇಲೆ ಎರಡು ಅಪ್ಲಿಕೇಶನ್ ಕಟ್ಟಿಸಿತು. ‘ಜೆನ್2’ ಇದ್ದದ್ದು ಅದರ ಮಾರಾಟ ಪ್ರತಿನಿಧಿಗಳಿಗೆ. ‘ಕನೆಕ್ಟ್’ ಇದ್ದದ್ದು ಗಿರಾಕಿಗಳಿಗೆ. ಮೊದಲು ಗಿರಾಕಿ ಕಾಲ್ ಸೆಂಟರಿಗೆ ಫೋನ್ ಮಾಡಿದರೆ, ಲೈಸೆನ್ಸ್ ಇದ್ದ ನೌಕರರೊಬ್ಬರು ಆರ್ಡರನ್ನು ಎಸ್‌ಎಪಿಯಲ್ಲಿ ಟೈಪ್ ಮಾಡುತ್ತಿದ್ದರು. ಕನೆಕ್ಟ್ ಬಂದ ಮೇಲೆ ಗಿರಾಕಿಯೇ ಟೈಪ್ ಮಾಡಿದ. ಆರ್ಡರ್ ಅದೇ, ಬಿಯರ್ ಅದೇ, ನಡುವಿನ ನೌಕರ ಮಾತ್ರ ಇಲ್ಲ. ಜನ ಕಡಿಮೆಯಾದರೆ ಖರ್ಚೂ ಕಡಿಮೆಯಾಗಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಎಸ್‌ಎಪಿ ಮಾತ್ರ ಹೆಚ್ಚುವರಿ ಶುಲ್ಕವೆಂದು 5 ಕೋಟಿ 45 ಲಕ್ಷ ಪೌಂಡ್ ಕೇಳಿತು. ತೀರ್ಪಿನ ಹೊತ್ತಿನ ದರದಲ್ಲಿ ಅದು ಸುಮಾರು 450 ಕೋಟಿ ರೂಪಾಯಿ.

ಡಿಯಾಜಿಯೊದ ವಾದ ತಳಬುಡವಿಲ್ಲದ್ದಾಗಿರಲಿಲ್ಲ. ಎರಡು ವ್ಯವಸ್ಥೆಗಳ ನಡುವೆ ಸಂದೇಶ ಸಾಗಿಸುವ ‘ಎಸ್‌ಎಪಿ ಪಿಐ’ ಎಂಬ ಸೇತುವೆಯನ್ನೂ ಅದು ಎಸ್‌ಎಪಿಯಿಂದಲೇ ಕೊಂಡಿತ್ತು. ಸೇತುವೆಗೆ ಸುಂಕ ಕಟ್ಟಿದ ಮೇಲೆ ಆಚೆ ದಡದಲ್ಲಿ ಕಾಲಿಟ್ಟದ್ದಕ್ಕೆ ಮತ್ತೊಂದು ಸುಂಕವೇಕೆ ಎಂಬುದು ಅದರ ಪ್ರಶ್ನೆ. ನ್ಯಾಯಮೂರ್ತಿ ಫಿನೋಲಾ ಓ’ಫ್ಯಾರಲ್ ಒಪ್ಪಲಿಲ್ಲ. ಸೇತುವೆಯ ಶುಲ್ಕ ಸೇತುವೆಗೆ, ಊರೊಳಗೆ ಬರುವ ಹಕ್ಕು ಅದರಲ್ಲಿ ಸೇರಿಲ್ಲ ಎಂದರು.

ಕೊನೆಗೆ ಇಡೀ ವ್ಯಾಜ್ಯ ನಿಂತದ್ದು ಎರಡು ಕ್ರಿಯಾಪದಗಳ ಮೇಲೆ. ತಂತ್ರಾಂಶವನ್ನು ‘ನೇರವಾಗಿ ಅಥವಾ ಪರೋಕ್ಷವಾಗಿ’ ಬಳಸುವ, ಪ್ರವೇಶಿಸುವ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕೆಂದು ಕರಾರಿನಲ್ಲಿತ್ತು. ಆದರೆ ಬಳಸುವುದು ಎಂದರೇನೆಂದು ಕರಾರು ಹೇಳಿರಲಿಲ್ಲ. ತಂತ್ರಾಂಶವನ್ನು ಕೆಲಸಕ್ಕೆ ಹಚ್ಚುವುದು ಬಳಕೆ, ಅದರೊಳಗಿನದು ಕಾಣಸಿಗುವುದು ಅಥವಾ ಅದರೊಂದಿಗೆ ಸಂಪರ್ಕ ಏರ್ಪಡುವುದು ಪ್ರವೇಶ ಎಂದು ನ್ಯಾಯಾಲಯ ಮಾತಿನ ಸಹಜ ಅರ್ಥವನ್ನೇ ಹಿಡಿಯಿತು. ಕನ್ನಡದಲ್ಲಿ ಈ ಕರಾರು ಬರೆದಿದ್ದರೆ ಜಗಳ ಇಷ್ಟು ಬೆಳೆಯುತ್ತಿತ್ತೋ ಇಲ್ಲವೋ. ನಮ್ಮ ‘ಬಳಸು’ವಿಗೆ ಉಪಯೋಗಿಸು ಎಂಬ ಅರ್ಥವೂ ಇದೆ, ಸುತ್ತು ಹಾಕಿ ಹೋಗು ಎಂಬ ಅರ್ಥವೂ ಇದೆ. ಬಳಸುದಾರಿಯಲ್ಲಿ ಬಂದವನೂ ಬಳಸಿದವನೇ.

ಆದರೆ ತೀರ್ಪು ಎಸ್‌ಎಪಿಗೆ ಪೂರ್ಣ ಗೆಲುವೂ ಅಲ್ಲ. ಕರಾರಿನ ಅನುಬಂಧದಲ್ಲಿದ್ದ ಬಳಕೆದಾರರ ವರ್ಗಗಳಲ್ಲಿ ಕನೆಕ್ಟ್‌ನ ಗಿರಾಕಿ ಯಾವುದಕ್ಕೂ ಹೊಂದುತ್ತಿರಲಿಲ್ಲ. ಆ ವರ್ಗಗಳನ್ನು ಮಾಡಿದಾಗ ಇಂಥವನೊಬ್ಬ ಯಾರ ಕಣ್ಣ ಮುಂದೆಯೂ ಇರಲಿಲ್ಲ. ಹೀಗಾಗಿ ಹೊಣೆಯನ್ನು ಹೇಳಿದ ನ್ಯಾಯಾಲಯ ಮೊತ್ತವನ್ನು ಮುಂದಕ್ಕೆ ಬಿಟ್ಟಿತು. ಈ ಪ್ರಕರಣದಲ್ಲಿ ಹೆಚ್ಚು ಯೋಚಿಸಬೇಕಾದ ಸಂಗತಿ ಇದೇ. ಬೆಲೆಯೇ ನಿಗದಿಯಾಗದ ಬಳಕೆಗೆ ಗಿರಾಕಿ ಸಾಲಗಾರನಾಗಿದ್ದ. ಆ್ಯಪ್ ಕಟ್ಟುವ ಮುನ್ನ ಡಿಯಾಜಿಯೊದವರು ಕರಾರು ತೆರೆದು ನೋಡಿದ್ದರೂ, ಲೈಸೆನ್ಸ್ ಬೇಕೆಂಬುದು ತಿಳಿಯುತ್ತಿತ್ತೇ ಹೊರತು ಎಷ್ಟು ದುಡ್ಡು ಎಂಬುದು ತಿಳಿಯುತ್ತಿರಲಿಲ್ಲ. ಅದನ್ನು ಕೇಳಿ ಬರೆಸಿಕೊಳ್ಳಬಹುದಾಗಿತ್ತು. ಹಾಗೆ ಬರೆಸಿಕೊಳ್ಳಲು ಒಳ್ಳೆಯ ಕಾಲ ಕೊಳ್ಳುವ ಮುಂಚೆ, ಅತಿ ಕೆಟ್ಟ ಕಾಲ ಆಡಿಟ್ ಶುರುವಾದ ಮೇಲೆ.

ಕೆಲವೇ ವಾರಗಳಲ್ಲಿ ಇನ್ನೊಂದು ಬಾಂಬು ಬಿತ್ತು. ಬಿಯರ್ ದೈತ್ಯ ಆನ್‌ಹೈಸರ್-ಬುಶ್ ಇನ್‌ಬೆವ್ ತನ್ನ ವಾರ್ಷಿಕ ವರದಿಯಲ್ಲಿ, ಎಸ್‌ಎಪಿ ತನ್ನ ಮೇಲೆ ಪಂಚಾಯ್ತಿ ದಾವೆ ಹೂಡಿದೆ, ಬೇಡಿಕೆ 60 ಕೋಟಿ ಡಾಲರ್ ಮೀರಬಹುದು ಎಂದು ತಿಳಿಸಿತು. ಅದು ಆಮೇಲೆ ರಾಜಿಯಾಯಿತು. ಆದರೆ ಎರಡೂ ಸುದ್ದಿಗಳಿಂದ ಬಳಕೆದಾರ ಸಂಘಗಳು ಸಿಟ್ಟಿಗೆದ್ದವು. ಹೊಸ ಆ್ಯಪ್ ಕಟ್ಟಿದ್ದಕ್ಕೆ ದಂಡವೆಂದಾದರೆ ಕಟ್ಟುವವರು ಯಾರು ಎಂಬ ಅವರ ಮಾತಿನಲ್ಲಿ ನ್ಯಾಯವಿತ್ತು. ಅಂಥ ಆ್ಯಪ್‌ಗಳನ್ನು ಕಟ್ಟಿಕೊಡುವುದೇ ಬೆಂಗಳೂರು, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಎಷ್ಟೋ ಕನ್ನಡಿಗರ ಹೊಟ್ಟೆಪಾಡು.

2018ರ ಏಪ್ರಿಲ್‌ನಲ್ಲಿ ಎಸ್‌ಎಪಿ ಮಣಿಯಿತು. ಮಾರಾಟದವರು ಬೇರೆ, ಆಡಿಟ್‌ನವರು ಬೇರೆ ಎಂದು ವಿಭಾಗಗಳನ್ನು ಪ್ರತ್ಯೇಕಿಸಿತು. ಪರೋಕ್ಷ ಬಳಕೆಗೆ ತಲೆ ಎಣಿಸುವುದನ್ನು ಬಿಟ್ಟು ದಾಖಲೆ ಎಣಿಸುವ ಹೊಸ ಪದ್ಧತಿ ತಂದಿತು. ಮಾರಾಟ, ಖರೀದಿ, ಇನ್‌ವಾಯ್ಸ್ ಮುಂತಾದ ಒಂಬತ್ತು ಬಗೆಯ ದಾಖಲೆಗಳನ್ನು ಗುರುತಿಸಿ, ಹೊರಗಿನ ಆ್ಯಪ್ ಅಂಥದೊಂದನ್ನು ಹೊಸದಾಗಿ ಹುಟ್ಟಿಸಿದಾಗ ಮಾತ್ರ ಲೆಕ್ಕ ಎಂದಿತು. ಸರಕು ಮತ್ತು ಹಣಕಾಸಿನ ದಾಖಲೆಗಳು ಒಂದರ ಐದನೇ ಒಂದು ಭಾಗವಾಗಿ ಮಾತ್ರ ಎಣಿಕೆಗೆ ಬರುತ್ತವೆ. ಹಳೆಯ ಕರಾರಿನಲ್ಲೇ ಉಳಿಯುವವರು ಉಳಿಯಬಹುದು. ಬದಲಾಗಬಯಸುವವರಿಗೆ 2019ರಲ್ಲಿ ರಿಯಾಯಿತಿಯ ಯೋಜನೆಯೊಂದು ಬಂತು.

ಈ ಲೆಕ್ಕದಲ್ಲಿ ನಮ್ಮ ಮದ್ಯದ ವ್ಯಾಪಾರಿ ಒಂದೇ ಆರ್ಡರಿನಲ್ಲಿ ಐದು ಬಗೆಯ ಸರಕು ಬರೆದರೆ ಐದು ಸಾಲು, ಅಂದರೆ ಐದು ದಾಖಲೆ. ಅದರ ಹಿಂದೆ ಎಸ್‌ಎಪಿಯೊಳಗೇ ತಾನಾಗಿ ಹುಟ್ಟುವ ಇನ್‌ವಾಯ್ಸ್ ಲೆಕ್ಕಕ್ಕಿಲ್ಲ. ಆರ್ಡರ್ ಎಲ್ಲಿಗೆ ಬಂತೆಂದು ಆತ ದಿನಕ್ಕೆ ಹತ್ತು ಸಲ ಇಣುಕಿ ನೋಡಿದರೂ ಅದಕ್ಕೆ ಕಾಸಿಲ್ಲ.